ಕ್ಯಾಸೆಟ್ಟಿಗೆ ಹಿಡಿದ ಬೂಷ್ಟು

ಹುಲಿಕಲ್ ಘಾಟಿಯ ಮೇಲಿನ ನಮ್ಮ ಮಾಸ್ತಿಕಟ್ಟೆಯಲ್ಲಿ ಆಷಾಢ, ಶ್ರಾವಣಗಳು ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯದ ವಸ್ತುವೇ ಉಳಿಯುವುದಿಲ್ಲ. ಹೋದ ವರ್ಷದ ಚಾತುರ್ಮಾಸದಲ್ಲಿ ಅದು ನನ್ನ ತಾಯಿಯವರ ಕ್ಯಾಸೆಟ್ಟಿಗೂ ಹಿಡಿಯಿತು.

1991ರಲ್ಲಿ ಅವರ ಭಕ್ತಾಮರ ಪಾರಾಯಣವನ್ನು 60 ನಿಮಿಷದ ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸಿದ್ದೆವು. ಅವರದು ನಿಧಾನದ ಪಾರಾಯಣ. 48 ಶ್ಲೋಕಗಳಲ್ಲಿ ಕೊನೆಯ ಏಳು, ಮೊದಲ ಮಗ್ಗುಲಿನ 30 ನಿಮಿಷಗಳಲ್ಲಿ ಹಿಡಿಸದೆ ಎರಡನೆಯದಕ್ಕೆ ಹೋದವು. ಇಂದಿಗೂ ಯಾರೇ ಪಾರಾಯಣ ಮಾಡಲಿ, 41ನೆಯ ಶ್ಲೋಕ ಮುಗಿದೊಡನೆ ಎದ್ದು ಏನನ್ನೋ ಮಗುಚಬೇಕೆಂದು ನನಗೆ ಅನ್ನಿಸುತ್ತದೆ.

ಬೆಂಗಳೂರಿನಲ್ಲಿರುವ ತಂಗಿಯ ಮಗ ಒಮ್ಮೆ ಕೇಳಿದ: “ಮಾವ, ಫೋನಿನಲ್ಲಿ ಬೇಕಾದಷ್ಟು ಭಕ್ತಾಮರಗಳಿವೆ. ಯಾವುದನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ನೀವು ಹೇಳುವ ಅಪರಿಗ್ರಹ ಇದೇ ಅಲ್ಲವೇ?”

ಪ್ರಶ್ನೆ ಸರಿಯಾದದ್ದೇ. ಅವನು ತೋರಿಸಿದ ಗಾಯನವೂ ಇಂಪಾಗಿತ್ತು. ಸ್ತೋತ್ರ ಮುಗಿದ ಮರುಕ್ಷಣ ಮಾಂಸದಡುಗೆಯ ಜಾಹೀರಾತು ಬಂದದ್ದನ್ನು ನಾನು ದೊಡ್ಡದು ಮಾಡುವುದಿಲ್ಲ, ಹಣ ಕಟ್ಟಿದರೆ ಅದು ಬರುವುದಿಲ್ಲವಂತೆ. ಆದರೆ ನಮ್ಮ ಬಳಿ ಇಲ್ಲದ ಆ ಹಾಡು ಎಲ್ಲೋ ಒಂದು ಯಂತ್ರಾಗಾರದಲ್ಲಿ ಹಗಲಿರುಳೂ ವಿದ್ಯುತ್ತನ್ನು ಉಣ್ಣುತ್ತಿರುತ್ತದೆ. 460 ಮೆಗಾವ್ಯಾಟ್ ಸಾಮರ್ಥ್ಯದ ವಾರಾಹಿ ಯೋಜನೆಗಾಗಿ ಮುಳುಗಿದ ಕಾಡಿನ ಅಂಚಿನಲ್ಲಿರುವ ನಮಗೆ, ವಿದ್ಯುತ್ತು ಎಲ್ಲಿಂದ ಬರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಂದು ಕೈಯಲ್ಲಿ ಹಿಡಿಯುವ ವಸ್ತುವೆಲ್ಲ ನಿರ್ದೋಷಿಯೂ ಅಲ್ಲ. ಹಿಂದಿನ 78 ಸುತ್ತಿನ ಗ್ರಾಮೊಫೋನ್ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಅರಗು ಕೀಟಜನ್ಯ, ಅದನ್ನು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಸೇರಿದೆ. ಆ ತಟ್ಟೆಗಳಲ್ಲಿ ಭಕ್ತಿಗೀತೆ ಕೇಳಿದ ನಮ್ಮ ಹಿರಿಯರಿಗೆ ಇದು ಹೊಳೆದಿತ್ತೋ ಇಲ್ಲವೋ!

ಬೂಷ್ಟಿನ ಪ್ರಶ್ನೆ ಮಾತ್ರ ನನ್ನದೇ ಆಗಿತ್ತು. ಅದು ಅನಂತ ಜೀವರಾಶಿಯ ಆಶ್ರಯವೆಂದೇ ನಾವು ಬೂಷ್ಟು ಹಿಡಿದ ಆಹಾರವನ್ನು ಮುಟ್ಟುವುದಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹಿಂಸೆ. ಒರೆಸದಿದ್ದರೆ ತಾಯಿಯ ಧ್ವನಿ ಹೋಗುತ್ತದೆ. ಹತ್ತಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ ಕಂಡವರು. ಮನೆಯಲ್ಲಿ ಬೇರಾವ ವಸ್ತು ಹಾಳಾಗಿದ್ದರೂ ನಾನು ಹಾಗೆ ಕುಳಿತಿರುತ್ತಿರಲಿಲ್ಲ.

ಒರೆಸಲಿಲ್ಲ. ದೀಪಾವಳಿಯ ಹೊತ್ತಿಗೆ ಬಿಸಿಲು ಬಂದು ಬೂಷ್ಟು ತಾನಾಗಿ ಒಣಗಿದ ಮೇಲೆ ಮೆಲ್ಲನೆ ಕೊಡವಿದೆ. ಒಣಗಲು ಕಾದದ್ದೂ ಅವುಗಳ ಸಾವಿಗೆ ಕಾದದ್ದೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಅಲ್ಲವೆನ್ನಲಾರೆ. ಅಂದು ಏಕಾಶನ ಮಾಡಿದೆ.

ಸೋದರಳಿಯ ಅದನ್ನು ಬೆಂಗಳೂರಿಗೆ ಒಯ್ದು ಕಂಪ್ಯೂಟರಿಗೆ ಇಳಿಸಿ, ಶುದ್ಧಗೊಳಿಸಿ, ಫೋನಿಗೆ ಕಳುಹಿಸಿದ. ಧ್ವನಿ ಸ್ಫಟಿಕದಂತಿತ್ತು. ಹೆಂಚಿನ ಮೇಲೆ ಸುರಿಯುತ್ತಿದ್ದ ಮಳೆ, ನಡುವೆ ತಾಯಿಯವರಿಗೆ ಬಂದ ಕೆಮ್ಮು, ಎರಡೂ ಇರಲಿಲ್ಲ. “ಕೊಳೆಯಿದ್ದದ್ದನ್ನೇ ಕಳಿಸಪ್ಪಾ” ಎಂದೆ. ನಕ್ಕು ಅದನ್ನೂ ಕಳುಹಿಸಿದ.

ಈ ವರ್ಷ ಮಳೆಗೆ ಮೊದಲೇ, ತೇವ ಹೀರುವ ಹರಳಿನ ಪೊಟ್ಟಣದೊಡನೆ ಕ್ಯಾಸೆಟ್ಟನ್ನು ಬಿಗಿ ಮುಚ್ಚಳದ ಸ್ಟೀಲು ಡಬ್ಬಿಯಲ್ಲಿಟ್ಟಿದ್ದೇನೆ. ಕೇಳುವುದು ಫೋನಿನಲ್ಲಿಯೇ. ಆದರೂ ವಾರಕ್ಕೊಮ್ಮೆ ಡಬ್ಬಿ ತೆರೆದು ನೋಡುತ್ತೇನೆ.