ಜಗಲಿ ಎಲ್ಲರದು, ಒಲೆ ಅವರವರದು

ಒಂದೇ ಸೂರಿನಡಿ ಇಪ್ಪತ್ತು ಸಂಸಾರ! ಪಾತ್ರೆಗಳ ಸದ್ದಿಗೇ ತಲೆ ಸಿಡಿಯದೇ ಅಂತೀರಾ? ಹಾಗಾದರೆ ಮಲೇಷ್ಯಾದ ಸರವಾಕ್ ರಾಜ್ಯದ ಇಬಾನ್ ಜನರ ಹಳ್ಳಿಗೆ ಬನ್ನಿ. ಬೋರ್ನಿಯೋ ದ್ವೀಪದ ದಟ್ಟ ಮಳೆಕಾಡು, ಒಳನಾಡಿನಲ್ಲಿ ಎಷ್ಟೋ ಕಡೆ ಹೊಳೆಯೇ ರಸ್ತೆ. ದಡದಲ್ಲಿ ಕಂಬಗಳ ಮೇಲೆ ನಿಂತ ಒಂದೇ ಒಂದು ಉದ್ದನೆಯ ಮನೆ. ಅದೇ ಊರು!

ಮುಂದಿನ ಜಗಲಿಗೆ 'ರುಆಯ್' ಅಂತಾರೆ. ಚಾಪೆ ಹೆಣೆಯುವುದು, ಹರಟೆ, ಹಬ್ಬ ಎಲ್ಲ ಅಲ್ಲೇ. ಹಿಂದೆ ಸಾಲು ಬಾಗಿಲುಗಳು. ಒಂದೊಂದರೊಳಗೂ ಒಂದೊಂದು ಸಂಸಾರದ 'ಬಿಲಿಕ್'. ಒಲೆ, ಭತ್ತ, ಹಿರಿಯರ ಕಾಲದ ದೊಡ್ಡ ಜಾಡಿಗಳು (ನಮ್ಮ ಬಂಗಾರವಿದ್ದಂತೆ!) ಅವರವರ ಸ್ವಂತ.

ಇನ್ನು ಕೇಳಿ. ಮಕ್ಕಳಲ್ಲಿ ಒಬ್ಬರು ಬಿಲಿಕ್‌ನಲ್ಲೇ ಉಳಿದು ಅದನ್ನು ಮುಂದುವರಿಸಬೇಕು. ಅದು ಮಗನೇ ಆಗಬೇಕೆಂದಿಲ್ಲ, ಮಗಳಾದರೂ ಸರಿ. ಅಳಿಯ ಬಂದು ನೆಲೆಸಿದರೆ ಯಾರೂ ಮೂಗು ಮುರಿಯುವುದಿಲ್ಲ. ತವರಿನ ಬಾಗಿಲಲ್ಲಿ ನೆಂಟರಂತೆ ನಿಲ್ಲುವ ನಮಗೆ ಹೊಟ್ಟೆಕಿಚ್ಚಾಗದೇ ಇದ್ದೀತೇ?

ಜಮೀನಿನದೇ ಚಿಂತೆ. ಕಾಡನ್ನು ಮೊದಲು ಕಡಿದು ಬಿತ್ತಿದವರ ವಂಶಕ್ಕೆ ಆ ನೆಲ ಎಂಬುದು ಅವರ ಕಟ್ಟಳೆ. ಸರಕಾರದ ಕಾಯಿದೆ ಸಾಮಾನ್ಯವಾಗಿ ಒಪ್ಪುವುದು 1958ರ ಜನವರಿ 1ಕ್ಕೆ ಮೊದಲು ಬಂದ ಹಕ್ಕನ್ನು ಮಾತ್ರ. ಮರ ಕಡಿಯುವವರು, ತಾಳೆ ತೋಟದವರು ಬಂದಾಗ ಕೈಯಲ್ಲಿ ಕಾಗದವೆಲ್ಲಿ? ಹಿರಿಯರ ಸಮಾಧಿ ತೋರಿಸುತ್ತಾರೆ, ಅಜ್ಜಿಯ ಕಾಲದ ಡೂರಿಯನ್ ಮರ ತೋರಿಸುತ್ತಾರೆ.