ಬ್ಯಾಟರಿಗೆ ನೀರು ಹಾಕುತ್ತಿದ್ದ ಕಾಲ

ಮೊನ್ನೆ ತಿಪಟೂರಿನಲ್ಲಿ ಬಸ್ಸಿಳಿದವನು ಹಳೆಯ ಬ್ಯಾಟರಿ ಅಂಗಡಿಯ ಕಡೆ ನಡೆದೆ. ಅಲ್ಲೀಗ ಮೊಬೈಲ್ ಕವರುಗಳು ತೂಗಾಡುತ್ತಿವೆ. ಬಾಗಿಲ ಬಳಿಯ ಸಿಮೆಂಟ್ ನೆಲದಲ್ಲಿ ಆಸಿಡ್ ತಿಂದ ಗುಳಿಗಳು ಮಾತ್ರ ಹಾಗೇ ಇದ್ದವು.

ಟ್ರಾಕ್ಟರಿನ ಬ್ಯಾಟರಿ ಡೌನ್ ಆದರೆ ಅಣ್ಣ ಅದನ್ನು ಗೋಣಿಚೀಲದಲ್ಲಿ ಕೂರಿಸಿ ಬಸ್ಸು ಹತ್ತುತ್ತಿದ್ದರು. ಅದು ವಾಲದ ಹಾಗೆ ದಾರಿಯುದ್ದಕ್ಕೂ ಹಿಡಿದು ಕೂರುವ ಕೆಲಸ ನನ್ನದು. ಚಡ್ಡಿಗೆ ಬಿದ್ದ ಹನಿ ಅವತ್ತು ಕಾಣುತ್ತಿರಲಿಲ್ಲ. ಅವ್ವ ಒಗೆದ ಮೇಲೆ ತೂತು ಬೀಳುತ್ತಿತ್ತು.

ಅಂಗಡಿಯ ಸಾಬರು ಆರೂ ಬಿರಡೆ ಬಿಚ್ಚಿ, ಒಂದೊಂದು ಸೆಲ್ಲಿಗೂ ಹೈಡ್ರೋಮೀಟರ್ ಇಳಿಸಿ, ರಬ್ಬರ್ ಬುರುಡೆ ಒತ್ತಿ ಬಿಡುತ್ತಿದ್ದರು. ಗಾಜಿನ ನಳಿಗೆಯಲ್ಲಿ ತೇಲುಕಡ್ಡಿ ಏಳುತ್ತಿತ್ತು. 1260 ತೋರಿಸಿದರೆ ತುಂಬಿದೆ, 1150ಕ್ಕೆ ಇಳಿದರೆ ಸೊರಗಿದೆ. "ನೋಡು ಮಗಾ, ಐದು ಚೆನ್ನಾಗವೆ. ಈ ಮೂರನೇದು ಏಳ್ತಾ ಇಲ್ಲ" ಎಂದು ನನಗೇ ತೋರಿಸುತ್ತಿದ್ದರು. ಗಾಡಿ ಕರೆಂಟು ಎಳೆದಷ್ಟೂ ಆಸಿಡ್ಡಿನ ಸತ್ವ ಸೀಸದ ಪ್ಲೇಟುಗಳಿಗೆ ಸೇರಿ ದ್ರವ ನೀರಾಗುತ್ತದೆ, ಚಾರ್ಜಿಗೆ ಹಾಕಿದರೆ ಆ ಸತ್ವ ಮರಳುತ್ತದೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಕೊಂಡ ಈ ವಿದ್ಯೆ ನನಗೆ ಶಾಲೆಗಿಂತ ಮೊದಲು ಆ ನಳಿಗೆಯಲ್ಲಿ ಕಂಡಿತು.

ರಾತ್ರಿಯಿಡೀ ಸಾಲಾಗಿ ಕೂತ ಬ್ಯಾಟರಿಗಳು ಸಣ್ಣಗೆ ಕುದಿಯುತ್ತಿದ್ದವು. ಹೊರಬರುವುದು ಹೈಡ್ರೋಜನ್, ಅಲ್ಲಿ ಬೀಡಿ ಹಚ್ಚಿದವರನ್ನು ಸಾಬರು ಬೀದಿಗೆ ಅಟ್ಟುತ್ತಿದ್ದರು. ಸೆಲ್ ಸತ್ತಿದ್ದರೆ ಮೇಲಿನ ಡಾಂಬರು ಕಾಯಿಸಿ ಎಬ್ಬಿಸಿ, ಬೇರೆ ಪ್ಲೇಟು ಕೂರಿಸಿ, ಸೀಸ ಕರಗಿಸಿ ಬೆಸೆಯುತ್ತಿದ್ದರು. ಸೀಸದ ಹೊಗೆ ವಿಷ. ಅದು ಮತ್ತೆ ಯಾರ ಎದೆಗೂ ಹೋಗುವುದು ಬೇಡ. ಆದರೆ ಬಿಚ್ಚಿ ನೋಡಬಹುದಾಗಿತ್ತಲ್ಲ, ಎಲ್ಲಿ ನೋವಿದೆ ಎಂದು ಬೆರಳಿಟ್ಟು ಹೇಳಬಹುದಾಗಿತ್ತಲ್ಲ, ಅದು ಹೋದದ್ದಕ್ಕೆ ನನ್ನ ಸಂಕಟ.

1987ರ ಭಾನುವಾರಗಳಲ್ಲಿ, ಕರೆಂಟು ಹೋದಾಗ, ಅದೇ ಬ್ಯಾಟರಿ ಜಗಲಿಗೆ ಬಂದು ಟಿವಿಯ ರಾಮಾಯಣವನ್ನು ಇಡೀ ಕೇರಿಗೆ ತೋರಿಸಿದ್ದುಂಟು. ಮರುದಿನ ಟ್ರಾಕ್ಟರನ್ನು ಎಲ್ಲರೂ ಸೇರಿ ತಳ್ಳಿ ಸ್ಟಾರ್ಟ್ ಮಾಡಿದ್ದೂ ಉಂಟು.

ಈಗ ನನ್ನ ಸ್ಕೂಟರಿನ ಸೀಟಿನಡಿ ಲಿಥಿಯಂ ಬ್ಯಾಟರಿ. ಹಗುರ, ಶಕ್ತಿಯೂ ಹೆಚ್ಚು. ಒಂದು ಸೆಲ್ ಸೋತರೆ ನನಗೆ ತಿಳಿಯುವುದು ಪರದೆಯ ಮೇಲಿನ ಅಂಕಿಯಷ್ಟೇ. ಒಳಗೆ ಇಣುಕುವ ಹಾಗಿಲ್ಲ. ಟ್ರಾಕ್ಟರಿಗೂ ಸೀಲ್ ಮಾಡಿದ ಬ್ಯಾಟರಿ ಬಂದಿದೆ. ಉಳುಮೆಗೆ ಮೊದಲು ಅಣ್ಣ ಇಂದಿಗೂ ಬಾನೆಟ್ ಎತ್ತುತ್ತಾರೆ. ನುಣ್ಣನೆಯ ಮುಚ್ಚಳದ ಮೇಲೆ ಅವರ ಹೆಬ್ಬೆರಳು ಆರು ಬಿರಡೆಗಳಿದ್ದ ಜಾಗವನ್ನು ಒಂದೊಂದಾಗಿ ತಡವುತ್ತದೆ.