ಹಿತ್ತಲ ಮಣ್ಣು: ನಾರ್ತ್ ಸಿಡ್ನಿ ಟಿಪ್ಪಣಿಗಳು

• ಕ್ರೋಸ್ ನೆಸ್ಟ್‌ನಲ್ಲಿ ಗುದ್ದಲಿಗೆ ಅಂಟುವ ಮಣ್ಣು. ದಿಣ್ಣೆ ಇಳಿದು ಬಾಲ್ಸ್ ಹೆಡ್‌ಗೆ ಬಂದರೆ ಕಾಲಡಿ ಮರಳು, ಬಂಡೆ. ಒಂದೇ ಮಳೆ, ಒಂದೇ ಬಿಸಿಲು, ನಡೆದೇ ಹೋಗುವಷ್ಟು ದೂರ. ಮಣ್ಣು ಮಾತ್ರ ಬೇರೆ. ಕಾರಣ ಕೆಳಗಿದೆ. ಪೆಸಿಫಿಕ್ ಹೈವೇ ಹಿಡಿದಿರುವ ದಿಣ್ಣೆಯ ನೆತ್ತಿಯಲ್ಲಿ ಆಶ್‌ಫೀಲ್ಡ್ ಶೇಲ್ ಎಂಬ ಪದರುಗಲ್ಲು. ಅದರಡಿ ಹಾಕ್ಸ್‌ಬರಿ ಮರಳುಗಲ್ಲು. ಎರಡೂ 20 ಕೋಟಿ ವರ್ಷಕ್ಕಿಂತ ಹಳೆಯವು. ಇಳಿಜಾರಿನಲ್ಲಿ ಮೇಲಿನದು ಸವೆದುಹೋಗಿ ಕೆಳಗಿನದು ಹೊರಬಿದ್ದಿದೆ.

• ಇಲ್ಲಿ ಮಣ್ಣನ್ನು ಬೆರಳಲ್ಲೇ ಅಳೆಯುತ್ತಾರೆ. ಹಿಡಿ ಮಣ್ಣನ್ನು ಒದ್ದೆ ಮಾಡಿ, ನಾದಿ, ಹೆಬ್ಬೆರಳು–ತೋರುಬೆರಳ ನಡುವೆ ಪಟ್ಟಿಯಾಗಿ ಒತ್ತುವುದು. ಪಟ್ಟಿ 40ರಿಂದ 50 ಮಿಲಿಮೀಟರ್ ಬಂದು ಮುರಿದರೆ ಅದು ‘ಕ್ಲೇ ಲೋಮ್’, ನಮ್ಮ ಜೇಡಿ ಮಿಶ್ರಿತ ಗೋಡು ಮಣ್ಣು. ಜೇಡಿಯ ಪಾಲು ಶೇಕಡಾ 30–35. ಅಮೆರಿಕದವರ ಲೆಕ್ಕದಲ್ಲಿ 27ರಿಂದ 40ರವರೆಗೂ ಇದೇ ಹೆಸರು. ಶೇಕಡಾ 37 ಜೇಡಿಯಿರುವ ಮಣ್ಣು ಅಲ್ಲಿ ಗೋಡು, ಇಲ್ಲಿ ಜೇಡಿ. ಗಿಡಕ್ಕೆ ಯಾವ ಲೆಕ್ಕ ಗೊತ್ತು?

• ಇಂಥ ಮಣ್ಣು ನೆನೆದ ಮೇಲೆ ಗಂಟೆಗೆ 5–10 ಮಿಲಿಮೀಟರ್ ನೀರು ಕುಡಿಯುತ್ತದೆ ಎನ್ನುತ್ತವೆ ನೀರಾವರಿ ಕೈಪಿಡಿಗಳು. ಮರಳು ಮಿಶ್ರಿತ ಗೋಡಾದರೆ 20–30. ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಬೀಳುವ ಸಿಡ್ನಿಯಲ್ಲಿ ನೀರು ನಿಲ್ಲುವುದು ಸಹಜ ಎನ್ನೋಣ. ಅದರ ಸುಮಾರು ಅರ್ಧದಷ್ಟೇ ಮಳೆಯ ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಗಳಲ್ಲೂ ಹಿತ್ತಲು ಕೆಸರಾಗುತ್ತದಲ್ಲ? ಅಲ್ಲಿರುವುದು ಬಸಾಲ್ಟ್ ಕಲ್ಲಿನಿಂದಾದ ಜೇಡಿ. ವಿಜಯಪುರದ ಎರೆಮಣ್ಣಿನ ಹಾಗೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ.

• ಹಾಗಾದರೆ ಜೇಡಿಯೇ ತಪ್ಪಿತಸ್ಥನೆ? ಬೆಂಗಳೂರು ಸುತ್ತಿನ ಕೆಮ್ಮಣ್ಣಿನಲ್ಲೂ ಜೇಡಿ ಸಾಕಷ್ಟಿದೆ, ನೀರು ಬಸಿದುಹೋಗುತ್ತದೆ. ಅಲ್ಲಿ ಕಬ್ಬಿಣದ ಆಕ್ಸೈಡು ಕಣಗಳನ್ನು ಹರಳುಹರಳಾಗಿ ಕಟ್ಟಿಹಾಕಿದೆ, ಹರಳುಗಳ ನಡುವೆ ದಾರಿಯಿದೆ. ಜೇಡಿ ಎಷ್ಟು ಎಂಬುದಕ್ಕಿಂತ ಎಂಥದ್ದು, ಹೇಗೆ ಕೂತಿದೆ ಎಂಬುದು ಮುಖ್ಯ.

• ಇನ್ನೊಂದು ಸೋಜಿಗ: ಮಳೆ ನಿಂತ ಮೇಲೆ ದಿಣ್ಣೆಯ ಮೇಲಿನ ಮನೆಯ ಅಂಗಳ ಒಣಗಿರುತ್ತದೆ, ಕೆಳಗಿನ ಮನೆಯ ಬೇಲಿ ಬುಡ ಒಸರುತ್ತಲೇ ಇರುತ್ತದೆ. ಶೇಲ್ ನೆಲದಲ್ಲಿ ಮೇಲೊಂದು ತೆಳು ಗೋಡು ಪದರ, ಅದರಡಿ ಗಟ್ಟಿ ಜೇಡಿ. ಇಳಿದ ನೀರು ಜೇಡಿಯ ಮೇಲೆ ತಡೆದು ಅಡ್ಡಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಕರಿಬೇವಿನ ಎಲೆ ಹಳದಿಯಾದರೆ ಬರೀ ಚಳಿಯನ್ನು ಬಯ್ಯಬೇಡಿ. ನೆನೆದ ಬೇರಿಗೆ ಗಾಳಿ ಸಿಗದಿರಬಹುದು.

• ಜಿಪ್ಸಂ ಹಾಕಿ ಎನ್ನುವವರು ಬಹಳ. ಕೆಲವರಿಗೆ ಫಲ ಸಿಕ್ಕಿದೆ, ಕೆಲವರಿಗೆ ಇಲ್ಲ. ಗುಟ್ಟು ಸೋಡಿಯಂನಲ್ಲಿದೆ. ಒಣಗಿದ ಮಣ್ಣಿನ ಹರಳೊಂದನ್ನು ಮಳೆನೀರಿನ ಲೋಟಕ್ಕೆ ಬಿಟ್ಟು, ಅಲುಗಿಸದೆ ಮರುದಿನ ನೋಡಿ. ಸುತ್ತ ಹಾಲಿನಂತೆ ಕದಡಿದ್ದರೆ ಸೋಡಿಯಂ ಕಣಗಳನ್ನು ಚದುರಿಸುತ್ತಿದೆ. ಜಿಪ್ಸಂನ ಕ್ಯಾಲ್ಸಿಯಂ ಅದರ ಜಾಗ ಹಿಡಿಯುತ್ತದೆ. ಹರಳು ಬರಿದೇ ಉದುರಿ ನೀರು ತಿಳಿಯಾಗಿದ್ದರೆ ಕಾಂಪೋಸ್ಟು ಸಾಕು. ನಾಲ್ಕು ಬುಟ್ಟಿ ಮರಳು ಬೆರೆಸುವುದು ಎರಡಕ್ಕೂ ಮದ್ದಲ್ಲ.

• ಗಿಡ ತರುವ ಮೊದಲು ಮೊಣಕೈಯುದ್ದದ ಗುಂಡಿ ತೋಡಿ, ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಮರುದಿನವೂ ನೀರಿದ್ದರೆ ಗೊಬ್ಬರಕ್ಕೆ ದುಡ್ಡು ಸುರಿಯಬೇಡಿ. ಮಡಿ ಎತ್ತರಿಸಿ, ಬಸಿಗಾಲುವೆ ತೆಗೆಯಿರಿ.